ಅನುವಾದದಲ್ಲಿ ಆಕರಸೂಚಿ: ಮಂಗನ ಕಾಯಿಲೆಯ ಸಾಹಿತ್ಯದಿಂದ ಕೆಲವು ಉದಾಹರಣೆಗಳು

ವೈಜ್ಞಾನಿಕ ಲೇಖನಗಳನ್ನು ಕನ್ನಡಕ್ಕೆ ತರುವವರು ಪಾರಿಭಾಷಿಕ ಪದಗಳಿಗಾಗಿ ಬಹಳ ಶ್ರಮಿಸುತ್ತಾರೆ. ಕೊನೆಯ ಪುಟಗಳ ಆಕರಸೂಚಿಗೆ ಬಂದಾಗ ಮಾತ್ರ ಒಂದೋ ಅದನ್ನು ಕೈಬಿಡುತ್ತಾರೆ, ಇಲ್ಲವೇ ಪೂರ್ತಿಯಾಗಿ ಕನ್ನಡಿಸಿಬಿಡುತ್ತಾರೆ. ಎರಡರಿಂದಲೂ ಓದುಗರಿಗೆ ಆಗುವ ನಷ್ಟ ಒಂದೇ. ಆಕರಸೂಚಿಯ ಕೆಲಸ ವಿಳಾಸದ ಕೆಲಸ. ವಿಳಾಸವನ್ನು ಅನುವಾದಿಸಿದರೆ ಕಾಗದ ತಲಪುವುದಿಲ್ಲ.

ಒಮಾನಿನ ಇಬ್ರಾದಲ್ಲಿ ವೈದ್ಯವೃತ್ತಿಯಲ್ಲಿರುವ ನಾನು ಮಂಗನ ಕಾಯಿಲೆಯನ್ನು ಕುರಿತ ಸಮೀಕ್ಷಾ ಲೇಖನವೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ಈ ದೇಶದಲ್ಲಿಯೂ ಉಣ್ಣೆಯಿಂದ (ನಮ್ಮ ಮಲೆನಾಡಿನವರ ಉಣುಗು) ಹರಡುವ ಕ್ರಿಮಿಯನ್-ಕಾಂಗೋ ರಕ್ತಸ್ರಾವ ಜ್ವರವಿರುವುದರಿಂದ ಈ ವರ್ಗದ ರೋಗಗಳ ಬಗ್ಗೆ ಓದುವುದು ನನಗೆ ವೃತ್ತಿಯ ಅಗತ್ಯವೂ ಹೌದು. ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಗುರುತಿಸಲಾದ ಈ ರೋಗದ ಆಕರಸೂಚಿಯಲ್ಲಿ ಅನುವಾದಕನ ಬಹುತೇಕ ಸಮಸ್ಯೆಗಳು ಒಂದೆಡೆ ಸಿಗುತ್ತವೆ.

ಮೊದಲು ಲಸಿಕೆಯ ಪ್ರಶ್ನೆ. 1990ರಿಂದ 1992ರವರೆಗಿನ ಕ್ಷೇತ್ರಪ್ರಯೋಗವನ್ನು ಆಧರಿಸಿ 1994ರಲ್ಲಿ ಪ್ರಕಟವಾದ ಪ್ರಬಂಧವು ಎರಡು ಡೋಸುಗಳ ಪರಿಣಾಮವನ್ನು ಶೇ. 93.5 ಎನ್ನುತ್ತದೆ. 2005ರಿಂದ 2010ರವರೆಗಿನ ಮಾಹಿತಿಯನ್ನು ಪರಿಶೀಲಿಸಿದ 2013ರ ಪ್ರಬಂಧದಲ್ಲಿ ಅದೇ ಎರಡು ಡೋಸುಗಳ ಪರಿಣಾಮ ಶೇ. 62.4, ವರ್ಧಕ ಡೋಸನ್ನೂ ಪಡೆದವರಲ್ಲಿ ಶೇ. 82.9. ಸೂಚಿಯನ್ನು ಕೈಬಿಟ್ಟ ಅನುವಾದದಲ್ಲಿ ಇವು ಪರಸ್ಪರ ವಿರುದ್ಧವಾದ ಅಂಕಿಗಳಾಗಿ ಕಾಣುತ್ತವೆ. ಉಲ್ಲೇಖಸಂಖ್ಯೆ ಅದಲುಬದಲಾದರೆ ಹಳೆಯ ಭರವಸೆಯೇ ಇತ್ತೀಚಿನ ಸತ್ಯವೆಂಬಂತೆ ಓದುಗರನ್ನು ತಲಪುತ್ತದೆ. ಸಾಗರ, ತೀರ್ಥಹಳ್ಳಿಗಳ ಕಡೆಯ ಆರೋಗ್ಯ ಕಾರ್ಯಕರ್ತರೊಬ್ಬರು ಆ ಪುಟವನ್ನು ನಂಬಿ ಜನರಿಗೆ ತಿಳಿಹೇಳಬಹುದೆಂಬುದನ್ನು ಅನುವಾದಕ ಮರೆಯುವಂತಿಲ್ಲ. ಇನ್ನೂ ಒಂದು ತೊಡಕೆಂದರೆ, ಈ ರೋಗದ ಬಗ್ಗೆ 2013ರಲ್ಲಿಯೇ ಅದೇ ಮೊದಲ ಲೇಖಕರ ಮತ್ತೊಂದು ಪ್ರಬಂಧವೂ ಬೇರೊಂದು ಪತ್ರಿಕೆಯಲ್ಲಿ ಬಂದಿದೆ. ಹೆಸರು ಮತ್ತು ವರ್ಷವನ್ನಷ್ಟೇ ಉಳಿಸಿಕೊಂಡರೆ ಯಾವುದು ಯಾವುದೆಂದು ತಿಳಿಯದು.

ವೈದ್ಯಕೀಯ ಪತ್ರಿಕೆಗಳು ಅನುಸರಿಸುವ ಕ್ರಮಕ್ಕೆ ವ್ಯಾಂಕೂವರ್ ಶೈಲಿಯೆಂದು ಹೆಸರು. 1978ರಲ್ಲಿ ಕೆನಡಾದ ಆ ನಗರದಲ್ಲಿ ಕೆಲವು ಪತ್ರಿಕೆಗಳ ಸಂಪಾದಕರು ಸಭೆ ಸೇರಿದ್ದರಿಂದ ಬಂದ ಹೆಸರಿದು. ಪಠ್ಯದಲ್ಲಿ ಮೊದಲು ಬಂದ ಆಕರಕ್ಕೆ 1, ಮುಂದಿನದಕ್ಕೆ 2, ಹೀಗೆ ಸಂಖ್ಯೆ ಸಾಗುತ್ತದೆ. ಕನ್ನಡದಲ್ಲಿ ತೊಡಕು ಹುಟ್ಟುವುದು ಇಲ್ಲಿಯೇ. ಇಂಗ್ಲಿಷಿನ ಮುಖ್ಯವಾಕ್ಯ ಮೊದಲು ಬಂದು ಅಧೀನವಾಕ್ಯ ನಂತರ ಬರುವ ಕಡೆ ನಮ್ಮ ವಾಕ್ಯ ತಿರುಗಿ ನಿಲ್ಲುತ್ತದೆ. ಆಗ 8 ಮೊದಲು ಬಂದು 7 ಆಮೇಲೆ ಬರುತ್ತದೆ. ಕ್ರಮ ತಪ್ಪಿತೆಂದು ಕೆಲವರು ಹೊಸದಾಗಿ ಸಂಖ್ಯೆ ಹಾಕುತ್ತಾರೆ. ಅದು ಕೂಡದೆಂಬುದು ನನ್ನ ನಿಲುವು. ಮೂಲದ ಸಂಖ್ಯೆಯನ್ನೇ ಉಳಿಸಿ, ಪ್ರತಿ ಸಂಖ್ಯೆಯೂ ತನ್ನ ಹೇಳಿಕೆಯ ಪಕ್ಕದಲ್ಲಿದೆಯೇ ಎಂದು ನೋಡಿದರೆ ಸಾಕು. ಸಂಗ್ರಹಾನುವಾದದಲ್ಲಿ ಕೆಲವು ಸಂಖ್ಯೆಗಳು ಕಾಣೆಯಾದರೂ ಅಡ್ಡಿಯಿಲ್ಲ, ಆರಂಭದಲ್ಲಿ ಒಂದು ಸೂಚನೆಯಿರಲಿ.

ಹೆಸರುಗಳ ವಿಷಯ ಇನ್ನಷ್ಟು ಸೂಕ್ಷ್ಮ. ಈ ರೋಗದ ಮೊದಲ ಪ್ರಬಂಧಗಳ ಲೇಖಕರು ಟೆಲ್ಫರ್ಡ್ ವರ್ಕ್ ಮತ್ತು ಹೆರಾಲ್ಡ್ ಟ್ರಾಪಿಡೋ. ಯಂತ್ರಾನುವಾದಕ್ಕೆ ಒಪ್ಪಿಸಿದರೆ ಪಾಪ, ವರ್ಕ್ ಅವರು ‘ಕೆಲಸ’ವಾಗುವ ಅಪಾಯವಿದೆ. ಭಾರತೀಯ ಹೆಸರುಗಳಲ್ಲಿ ಅಪಾಯ ಬೇರೆ ಬಗೆಯದು: ರೋಮನ್ ಲಿಪಿಯಲ್ಲಿ ಲಕಾರ ಳಕಾರಗಳ, ಹ್ರಸ್ವ ದೀರ್ಘಗಳ ಭೇದವಿಲ್ಲವಾದ್ದರಿಂದ ಬಾಳಿಗರು ಬಲಿಗರಾಗಬಹುದು. ಆದುದರಿಂದ ಸೂಚಿಯಲ್ಲಿ ಹೆಸರು ಮೂಲಲಿಪಿಯಲ್ಲಿಯೇ ಇರಬೇಕು. ಪಠ್ಯದಲ್ಲಿ ಕನ್ನಡದಲ್ಲಿ ಬರೆದು ಸಂಖ್ಯೆಯ ಮೂಲಕ ಜೋಡಿಸಬಹುದು. ಸೂಚಿಯ ‘ಮೂರ್ತಿ ಡಿಪಿಎನ್’ ಪಠ್ಯದಲ್ಲಿ ‘ಡಿ. ಪಿ. ಎನ್. ಮೂರ್ತಿ’ ಆಗಲಿ. ಇನಿಷಿಯಲ್ ಮೊದಲು ಬರುವುದೇ ನಮ್ಮ ರೂಢಿ.

ಶೀರ್ಷಿಕೆಗೂ ಇದೇ ನ್ಯಾಯ. ಮೂಲಶೀರ್ಷಿಕೆಯ ನಂತರ ಚೌಕ ಆವರಣದಲ್ಲಿ ಕನ್ನಡದ ಅರ್ಥ ಕೊಡಬಹುದು. ಇಂಗ್ಲಿಷೇತರ ಪ್ರಬಂಧಗಳ ಅನುವಾದಿತ ಶೀರ್ಷಿಕೆಯನ್ನು ಪಬ್‌ಮೆಡ್ ಕೋಶವೂ ಚೌಕ ಆವರಣದಲ್ಲಿಯೇ ತೋರಿಸುತ್ತದೆ. ಪತ್ರಿಕೆಯ ಹೆಸರನ್ನಂತೂ ಮುಟ್ಟಬಾರದು. ವರ್ಕ್ ಅವರ 1957ರ ವರದಿಗಳು ಬಂದದ್ದು ‘ಇಂಡಿಯನ್ ಜರ್ನಲ್ ಆಫ್ ಮೆಡಿಕಲ್ ಸೈನ್ಸಸ್’ನಲ್ಲಿ, 1994ರ ಲಸಿಕಾ ಪ್ರಬಂಧ ‘ಇಂಡಿಯನ್ ಜರ್ನಲ್ ಆಫ್ ಮೆಡಿಕಲ್ ರಿಸರ್ಚ್’ನಲ್ಲಿ. ಎರಡನ್ನೂ ‘ಭಾರತೀಯ ವೈದ್ಯಕೀಯ ಪತ್ರಿಕೆ’ ಎಂದುಬಿಟ್ಟರೆ ಇಬ್ರಾದಲ್ಲಿ ಕುಳಿತ ನಾನಾಗಲಿ ಬೇರೆ ದೇಶದ ಕನ್ನಡಿಗರಾಗಲಿ ಮೂಲವನ್ನು ಹುಡುಕುವುದೆಂತು? ಸ್ಥಳ, ಸಂಸ್ಥೆಗಳೂ ಅಚ್ಚಾದಂತೆಯೇ ಇರಲಿ. ಪುಣೆಯ ವೈರಸ್ ಸಂಶೋಧನಾ ಕೇಂದ್ರ 1978ರಲ್ಲಿ ರಾಷ್ಟ್ರೀಯ ವೈರಾಣು ಸಂಸ್ಥೆಯಾಯಿತು; ಮೈಸೂರು ರಾಜ್ಯ 1973ರಲ್ಲಿ ಕರ್ನಾಟಕವಾಯಿತು. ಹಳೆಯ ಪ್ರಬಂಧದ ಸೂಚಿಯಲ್ಲಿ ಹೊಸ ಹೆಸರನ್ನು ತುಂಬುವುದು ತಿದ್ದುಪಡಿಯಲ್ಲ.

ಕನ್ನಡಕ್ಕೆ ತರಬೇಕಾದವು ಸಣ್ಣ ಸೂಚಕಪದಗಳು ಮಾತ್ರ: ‘ಮತ್ತಿತರರು’, ‘ಪು.’, ‘ನೋಡಿದ ದಿನಾಂಕ’ ಇತ್ಯಾದಿ. ‘ಸಂ.’ ಎಂಬ ಸಂಕ್ಷೇಪದ ಬಗ್ಗೆ ಮಾತ್ರ ನನಗೆ ತಕರಾರಿದೆ. ಸಂಪಾದಕ, ಸಂಪುಟ, ಸಂಚಿಕೆ, ಸಂಖ್ಯೆ ನಾಲ್ಕಕ್ಕೂ ಅದೊಂದೇ ಆದರೆ ಓದುಗರು ಊಹಿಸಬೇಕಾಗುತ್ತದೆ. ಪೂರ್ಣಪದ ಬರೆದರೆ ನಾಲ್ಕಕ್ಷರ ಹೆಚ್ಚಾದೀತು, ಅಷ್ಟೇ.

ಕೊಲ್ಲಿ ದೇಶಗಳಲ್ಲಿರುವ ಅನುವಾದಕರಿಗೆ ಒಂದು ಮಾತು. ಅರಬಿ ಆಕರಗಳಲ್ಲಿ ಹಿಜರಿ ವರ್ಷವಷ್ಟೇ ಇರುವುದುಂಟು. ಶಕವರ್ಷಕ್ಕೆ 78 ಕೂಡಿಸುವಂತಹ ಸುಲಭ ಲೆಕ್ಕ ಇಲ್ಲಿ ನಡೆಯದು. ಹಿಜರಿ ವರ್ಷ ಸುಮಾರು 11 ದಿನ ಕಿರಿದು. ಹಿಜರಿ 1400 ಆರಂಭವಾದದ್ದು 1979ರ ನವೆಂಬರಿನಲ್ಲಿ, ಮುಗಿದದ್ದು 1980ರಲ್ಲಿ. ತಿಂಗಳು ತಿಳಿಯದಿದ್ದರೆ ‘ಹಿಜರಿ 1400 (1979–80)’ ಎಂದೇ ಬರೆಯಬೇಕು. ಅಕಾರಾದಿ ಜೋಡಣೆಯಲ್ಲಿ ಹೆಸರಿನ ಮೊದಲಿನ ‘ಅಲ್’ ಅನ್ನು ಲೆಕ್ಕಕ್ಕೆ ತೆಗೆದುಕೊಳ್ಳದಿರುವುದು ಅರಬಿ ಸೂಚಿಗಳಲ್ಲಿ ರೂಢಿ; ಕನ್ನಡದ ಸೂಚಿಯಲ್ಲಿಯೂ ಹಾಗೆಯೇ ಮಾಡಿದರೆ ಅರ್ಧ ಪಟ್ಟಿ ‘ಅ’ಕಾರದಲ್ಲೇ ಗುಂಪಾಗುವುದು ತಪ್ಪುತ್ತದೆ.