ಪೂರ್ತಿಗೊಳಿಸಿದ ಕೈಗಳು: ಕ್ರೈಸ್ತ ಪಠ್ಯಪರಂಪರೆಯಲ್ಲಿ ಅನಿಶ್ಚಯದ ನೆಲೆ

ಮಾರ್ಕನ ಸುವಾರ್ತೆಯ ಅತಿ ಹಳೆಯ ಪೂರ್ಣ ಗ್ರೀಕ್ ಹಸ್ತಪ್ರತಿಗಳು ಎರಡು: ವ್ಯಾಟಿಕಾನಸ್ ಮತ್ತು ಸಿನೈಟಿಕಸ್. ಎರಡೂ 4ನೆಯ ಶತಮಾನದವು. ಎರಡರಲ್ಲೂ ಸುವಾರ್ತೆ 16ನೆಯ ಅಧ್ಯಾಯದ 8ನೆಯ ವಚನಕ್ಕೆ ಮುಗಿಯುತ್ತದೆ. ಸಮಾಧಿಗೆ ಹೋದ ಹೆಂಗಸರು ಯೇಸು ಎದ್ದಿದ್ದಾನೆಂಬ ಮಾತನ್ನು ಕೇಳಿ ನಡುಗುತ್ತ ಓಡುತ್ತಾರೆ. ಭಯದಿಂದ ಯಾರಿಗೂ ಏನನ್ನೂ ಹೇಳುವುದಿಲ್ಲ. ಎದ್ದು ಬಂದ ಕ್ರಿಸ್ತನನ್ನು ಓದುಗ ಕಾಣುವುದೇ ಇಲ್ಲ. ವ್ಯಾಟಿಕಾನಸ್‌ನಲ್ಲಿ ಇದರ ನಂತರ ಒಂದು ಅಂಕಣ ಪೂರ್ತಿ ಖಾಲಿ ಬಿಟ್ಟಿದೆ. ಲಿಪಿಕಾರನಿಗೆ ಮುಂದಿನ ಪಾಠವೊಂದು ಇದೆಯೆಂಬ ಅರಿವಿತ್ತೇ ಎಂಬ ಚರ್ಚೆ ಇನ್ನೂ ಮುಗಿದಿಲ್ಲ.

ಇಂದು ನಾವು ಓದುವ 9ರಿಂದ 20ರವರೆಗಿನ ವಚನಗಳು ಬೇರೆ ಪ್ರತಿಗಳಿಂದ ಬಂದವು. ಅವು ತಡವಾಗಿ ಹುಟ್ಟಿದವೂ ಅಲ್ಲ. ಸುಮಾರು 180ರಲ್ಲಿ ಬರೆದ ಇರೆನೇಯಸ್ 19ನೆಯ ವಚನವನ್ನು ಮಾರ್ಕನದೆಂದೇ ಉಲ್ಲೇಖಿಸುತ್ತಾನೆ. ಆದರೆ ತಾವು ಬಲ್ಲ ಗ್ರೀಕ್ ಪ್ರತಿಗಳಲ್ಲಿ ಬಹುಪಾಲು ಹೆಂಗಸರ ಭಯದಲ್ಲೇ ನಿಲ್ಲುತ್ತವೆಂದು ಯುಸೇಬಿಯಸನೂ ಆಮೇಲೆ ಜೆರೋಮನೂ ಬರೆದಿಟ್ಟಿದ್ದಾರೆ. ಒಳಗಿನ ಸಾಕ್ಷ್ಯವೂ ಅತ್ತಲೇ ವಾಲುತ್ತದೆ. ಕೆಲವೇ ವಚನಗಳ ಹಿಂದೆ ಹೆಸರಿಸಿದ್ದ ಮಗ್ದಲದ ಮರಿಯಳನ್ನು 9ನೆಯ ವಚನ ಹೊಸಬಳಂತೆ ಪರಿಚಯಿಸುತ್ತದೆ. ಶೈಲಿ ಬದಲಾಗುತ್ತದೆ, ಪದಬಳಕೆಯೂ ಬದಲಾಗುತ್ತದೆ. ಡಿ.ಎಲ್. ನರಸಿಂಹಾಚಾರ್ಯರ ‘ಕನ್ನಡ ಗ್ರಂಥ ಸಂಪಾದನೆ’ಯನ್ನು (1964) ಅಭ್ಯಾಸ ಮಾಡಿದವರಿಗೆ ಪ್ರಕ್ಷೇಪದ ಈ ಲಕ್ಷಣಗಳು ಹೊಸವಲ್ಲ. ಸುಲಭ ಪಾಠಕ್ಕಿಂತ ಕಠಿಣ ಪಾಠವೇ ಮೂಲಕ್ಕೆ ಹತ್ತಿರವೆಂಬ ಸೂತ್ರವನ್ನು 18ನೆಯ ಶತಮಾನದಲ್ಲಿ ರೂಪಿಸಿದ ಬೆಂಗೆಲ್ ಕೂಡ ಹೊಸ ಒಡಂಬಡಿಕೆಯ ಸಂಪಾದಕನೇ ಆಗಿದ್ದ. ಲಿಪಿಕಾರ ಎಡವುವುದು ಹೆಚ್ಚಾಗಿ ಸರಾಗದ ಕಡೆಗೆ.

ಈ ಲೇಖನ ಆ ಸೂತ್ರವನ್ನು ಒಂದು ಗ್ರಂಥದ ಪಾಠನಿರ್ಣಯಕ್ಕೆ ಮಾತ್ರ ಸೀಮಿತಗೊಳಿಸದೆ ಕ್ರೈಸ್ತ ವಿಶ್ವಾಸದ ಇತಿಹಾಸಕ್ಕೂ ಅನ್ವಯಿಸಿ ನೋಡುತ್ತದೆ. ವಿಶ್ವಾಸಿಗಳ ಅನಿಶ್ಚಯ ದಾಖಲಾದ ಪ್ರಮುಖ ಪಠ್ಯಗಳು ಪದೇ ಪದೇ ಅಪೂರ್ಣವಾಗಿ ನಿಂತಿವೆ. ಅವನ್ನು ಪ್ರೀತಿಸಿದ ಕೈಗಳೇ ಪದೇ ಪದೇ ಅವನ್ನು ಪೂರ್ತಿಗೊಳಿಸಿವೆ. ಆ ಪೂರ್ತಿಗೊಳಿಸುವಿಕೆ ಭಕ್ತಿಯಿಂದಲೇ ನಡೆದದ್ದು. ಆದರೆ ಅದರಿಂದಾಗಿ, ಖಚಿತತೆಯಿಲ್ಲದೆ ದೇವರ ಮುಂದೆ ನಿಲ್ಲುವುದೂ ವಿಶ್ವಾಸವೇ ಎಂಬ ಸಂಗತಿ ಸಾಮಾನ್ಯ ಓದುಗರ ಕಣ್ಣಿಗೆ ಬೀಳದೆ ಹೋಯಿತು ಎಂಬುದು ನನ್ನ ವಾದ.

ಮಾರ್ಕನನ್ನು ಮೊದಲು ಪೂರ್ತಿಗೊಳಿಸಿದವನು ಲಿಪಿಕಾರನಲ್ಲ, ಮತ್ತಾಯ. ಮಾರ್ಕನ ಪಠ್ಯ ಮತ್ತಾಯನ ಮುಂದಿತ್ತೆಂಬ ಬಹುಜನ ಒಪ್ಪಿದ ನಿಲುವನ್ನು ಹಿಡಿದರೆ, ಅವನ ತಿದ್ದುಪಡಿ ಸ್ಪಷ್ಟವಾಗಿ ಕಾಣುತ್ತದೆ: ಹೆಂಗಸರ ಭಯದ ಪಕ್ಕದಲ್ಲಿ ಅವನು ಮಹಾ ಆನಂದವನ್ನು ಇಡುತ್ತಾನೆ, ಅವರು ಸುದ್ದಿ ಹೇಳಲು ಓಡುತ್ತಾರೆ. ಆದರೂ ಮತ್ತಾಯ ಅನಿಶ್ಚಯವನ್ನು ಪೂರ್ತಿ ಅಳಿಸುವುದಿಲ್ಲ. ಗಲಿಲಾಯದ ಬೆಟ್ಟದ ಮೇಲೆ ಎದ್ದು ಬಂದ ಯೇಸುವನ್ನು ಕಂಡು ಶಿಷ್ಯರು ಅಡ್ಡಬೀಳುವಾಗ ಕೆಲವರು ಸಂದೇಹಪಟ್ಟರೆಂದು ಹೇಳುತ್ತಾನೆ (28:17). ಯೇಸು ಅವರನ್ನು ಗದರಿಸುವುದಿಲ್ಲ. ಲೋಕಕ್ಕೆಲ್ಲ ಹೋಗಿ ಎಂಬ ಆಜ್ಞೆ ಸಂದೇಹಪಟ್ಟವರಿಗೂ ಸಿಗುತ್ತದೆ. ಮಾರ್ಕನಿಗೆ ಸೇರಿಸಿದ ದೀರ್ಘ ಮುಕ್ತಾಯದಲ್ಲಿ ಇದೇ ಸಂದರ್ಭದ ಸ್ವರ ಬೇರೆ. ಅಲ್ಲಿ ನಂಬದ ಶಿಷ್ಯರನ್ನು ಯೇಸು ಕಟುವಾಗಿ ಗದರಿಸುತ್ತಾನೆ, ಆಮೇಲೆ ಸೂಚಕಕಾರ್ಯಗಳ ಪಟ್ಟಿ ಬರುತ್ತದೆ. ಸಂದೇಹವನ್ನು ಜೊತೆಯಲ್ಲೇ ಕರೆದೊಯ್ಯುವ ದಾರಿ ಒಂದು, ಗದರಿಸಿ ಮುಗಿಸುವ ದಾರಿ ಇನ್ನೊಂದು. ಎರಡೂ ಧರ್ಮಶಾಸ್ತ್ರದೊಳಗೇ ಇವೆ. ಬೋಧನೆಯಲ್ಲಿ ಎರಡನೆಯದು ಹೆಚ್ಚು ಬಳಕೆಯಾಯಿತು.

ಮಾರ್ಕನ ಕೊನೆಯ ಹಾಳೆ ಹರಿದು ಕಳೆದುಹೋಗಿರಬಹುದು ಎಂಬ ಆಕ್ಷೇಪವನ್ನು ತಳ್ಳಿಹಾಕುವಂತಿಲ್ಲ. ಗಂಭೀರ ವಿದ್ವಾಂಸರು ಅದನ್ನು ಎತ್ತಿಹಿಡಿದಿದ್ದಾರೆ. ಹಾಗಿದ್ದರೂ ನನ್ನ ವಾದ ಸಡಿಲವಾಗುವುದಿಲ್ಲ. ನಮ್ಮ ಕೈಗೆ ಬಂದ ಅತಿ ಹಳೆಯ ಪಾಠವನ್ನು ಓದಿದ ಕ್ರೈಸ್ತರು, ಪುನರುತ್ಥಾನದ ಸುದ್ದಿಯನ್ನು ಕೇಳಿ ಕ್ರಿಸ್ತನನ್ನು ಕಾಣದೆ ಪುಸ್ತಕ ಮುಚ್ಚಿದರು. ಅವರೂ ವಿಶ್ವಾಸಿಗಳೇ.

ತೋಮಸ್ ಅಕ್ವಿನಾಸನ ಪ್ರಸಂಗ ಬಹಳ ಜನಕ್ಕೆ ಗೊತ್ತಿರುವುದರಿಂದ ಇಲ್ಲಿ ಅದರ ಪಠ್ಯದ ಮುಖವನ್ನಷ್ಟೇ ಹೇಳುತ್ತೇನೆ. 1273ರ ಡಿಸೆಂಬರ್ 6ರಂದು ನೇಪಲ್ಸ್‌ನಲ್ಲಿ ಪೂಜೆಯ ನಂತರ ಅವನು ಬರವಣಿಗೆ ನಿಲ್ಲಿಸಿದ. ‘ಸುಮ್ಮಾ ಥಿಯೊಲೊಜಿಯೆ’ ಪಶ್ಚಾತ್ತಾಪದ ಸಂಸ್ಕಾರದ ಚರ್ಚೆಯ ನಡುವೆ ತುಂಡಾಯಿತು. ಮೂರು ತಿಂಗಳಲ್ಲಿ ಅವನೂ ತೀರಿಕೊಂಡ. ಶಿಷ್ಯರು ಅವನ ಹಳೆಯ ವ್ಯಾಖ್ಯಾನವೊಂದರಿಂದ ಭಾಗಗಳನ್ನು ಎತ್ತಿ ‘ಪೂರಣ’ವೆಂಬ ಹೆಸರಲ್ಲಿ ಕೊನೆಗೆ ಜೋಡಿಸಿದರು. ಗುರು ಮೌನಕ್ಕೆ ಬಿಟ್ಟ ಜಾಗವನ್ನು ಗುರುವಿನ ಯೌವನದ ಮಾತುಗಳೇ ತುಂಬಿದವು. ಶಿಲುಬೆಯ ಸಂತ ಯೋಹಾನನ ‘ಕತ್ತಲ ರಾತ್ರಿ’ಯ ಗದ್ಯವ್ಯಾಖ್ಯಾನವೂ ಹೀಗೆಯೇ ಅಪೂರ್ಣ. ಎಂಟು ಪದ್ಯಗಳಲ್ಲಿ ಎರಡನ್ನು ವಿವರಿಸಿ, ಮೂರನೆಯದಕ್ಕೆ ಕೈಹಾಕುತ್ತಿದ್ದಂತೆ ಅದು ನಿಲ್ಲುತ್ತದೆ. ಅಲ್ಲಿ ಯಾವ ಸಂಪಾದಕನೂ ಪೂರಣ ಬರೆಯಲಿಲ್ಲ. ಆ ಕೆಲಸವನ್ನು ಓದುಗ ಪರಂಪರೆ ಮಾಡಿತು: ರಾತ್ರಿಯೆಂದರೆ ದಾಟಿಹೋಗಬೇಕಾದ ಒಂದು ಹಂತ, ಅದರಾಚೆ ಬೆಳಕು ಖಂಡಿತ ಎಂಬ ಕ್ರಮವೊಂದು ಉಪದೇಶ ಪುಸ್ತಕಗಳಲ್ಲಿ ಗಟ್ಟಿಯಾಯಿತು.

ಈ ಕ್ರಮ ಎಷ್ಟು ಹೊಂದುತ್ತದೆ, ಎಲ್ಲಿ ಹೊಂದುವುದಿಲ್ಲ ಎಂಬುದನ್ನು ತೋರಿಸುವ ಅತ್ಯುತ್ತಮ ಸಾಕ್ಷ್ಯ ಫ್ರಾನ್ಸಿನ ಲಿಸಿಯದ ಸಂತ ತೆರೇಸಾಳದು. 15ನೆಯ ವಯಸ್ಸಿಗೆ ಕಾರ್ಮೆಲ್ ಮಠ ಸೇರಿದ ಈಕೆಗೆ 1896ರ ಪವಿತ್ರ ಗುರುವಾರದ ರಾತ್ರಿ ಮೊದಲ ಬಾರಿ ರಕ್ತ ಕಾರಿತು, ಅದು ಕ್ಷಯ. ಆ ಈಸ್ಟರ್ ಹಬ್ಬದ ದಿನಗಳಲ್ಲೇ ಸ್ವರ್ಗವಿದೆ ಎಂಬ ಭರವಸೆಯ ಮೇಲೆ ಕತ್ತಲು ಕವಿಯಿತು. ಹದಿನೆಂಟು ತಿಂಗಳ ನಂತರ, 1897ರ ಸೆಪ್ಟೆಂಬರ್ 30ರಂದು, 24ನೆಯ ವಯಸ್ಸಿನಲ್ಲಿ ಸಾಯುವವರೆಗೂ ಅದು ಸರಿಯಲಿಲ್ಲ. ನಂಬದವರು ನಿಜವಾಗಿಯೂ ಇರಬಲ್ಲರೆಂದು ಅಲ್ಲಿಯವರೆಗೆ ತನಗೆ ಅನಿಸಿರಲಿಲ್ಲ, ಅವರು ತಮ್ಮ ಒಳಮನಸ್ಸಿಗೆ ವಿರುದ್ಧವಾಗಿ ಮಾತಾಡುತ್ತಾರೆಂದೇ ಭಾವಿಸಿದ್ದೆ ಎಂದು ಆಕೆ ಬರೆಯುತ್ತಾಳೆ. ಈಗ ಆಕೆ ಅವರ ಪಂಕ್ತಿಯಲ್ಲೇ ಕೂತು ಅವರ ರೊಟ್ಟಿಯನ್ನು ತಿನ್ನುತ್ತಿದ್ದಾಳೆ. ಸಾವು ತನಗೆ ತರುವುದು ಶೂನ್ಯವನ್ನೇ ಎಂದು ಕತ್ತಲು ಅಣಕಿಸುವುದನ್ನು ವಿವರಿಸಿ, ಇನ್ನು ಹೆಚ್ಚು ಬರೆದರೆ ದೇವದೂಷಣೆಯಾದೀತೆಂದು ಲೇಖನಿ ತಡೆಯುತ್ತಾಳೆ. ವಿಶ್ವಾಸಸಂಗ್ರಹವನ್ನು ತನ್ನ ರಕ್ತದಲ್ಲಿ ಬರೆದು ಮೈಮೇಲೆ ಇಟ್ಟುಕೊಂಡವಳೂ ಇವಳೇ. ನಂಬಿಕೆಯ ಭಾವ ಇಲ್ಲವಾದಾಗ ನಂಬಿಕೆಯ ಕ್ರಿಯೆ ಹೇಗಿರುತ್ತದೆ ಎಂಬುದಕ್ಕೆ ಇದಕ್ಕಿಂತ ದೊಡ್ಡ ನಿದರ್ಶನವನ್ನು ನಾನು ಆಧುನಿಕ ಕ್ರೈಸ್ತ ಬರಹದಲ್ಲಿ ಕಂಡಿಲ್ಲ.

ಆಕೆ ಬಿಟ್ಟುಹೋದದ್ದು ಬೇರೆ ಬೇರೆ ಸಮಯದಲ್ಲಿ ಬೇರೆ ಬೇರೆಯವರಿಗೆ ಬರೆದ ಮೂರು ಬರಹಗಳು. ಸಂಶೋಧಕರು ಅವನ್ನು ಎ, ಬಿ, ಸಿ ಎಂದು ಕರೆಯುತ್ತಾರೆ. ಎ 1895ರಲ್ಲಿ ಆರಂಭವಾದ ಬಾಲ್ಯದ ನೆನಪುಗಳು. ಬಿ 1896ರ ಸೆಪ್ಟೆಂಬರಿನ ಪ್ರೀತಿಯ ಪತ್ರ. ಸಿ 1897ರ ಜೂನ್ ಮತ್ತು ಜುಲೈನಲ್ಲಿ ಬರೆದದ್ದು. ಲೇಖನಿ ಹಿಡಿಯುವ ಶಕ್ತಿಯಿಲ್ಲದೆ ಸಿ ಬರಹದ ಕೊನೆಯ ಪುಟಗಳನ್ನು ಪೆನ್ಸಿಲಿನಲ್ಲಿ ಬರೆದಿದ್ದಾಳೆ, ಅದು ಮುಗಿಯದೆ ನಿಂತಿದೆ. ಆಕೆಯ ಒಡಹುಟ್ಟಿದ ಅಕ್ಕ, ಮದರ್ ಆಗ್ನೆಸ್, ಇವನ್ನು ಒಂದೇ ಕಥನವಾಗಿ ಹೊಲಿದು 1898ರಲ್ಲಿ ‘ಒಂದು ಆತ್ಮದ ಕಥೆ’ಯಾಗಿ ಪ್ರಕಟಿಸಿದಳು. ಮೊದಲ ಮುದ್ರಣ 2,000 ಪ್ರತಿ. ಮೂಲದಲ್ಲಿ 7,000ಕ್ಕೂ ಹೆಚ್ಚು ಬದಲಾವಣೆಗಳಾಗಿದ್ದವು. 1956ರಲ್ಲಿ ಫಾದರ್ ಫ್ರಾಂಸ್ವಾ ದ ಸಾಂತ್-ಮರಿ ಹಸ್ತಪ್ರತಿಗಳ ಯಥಾಪ್ರತಿಯನ್ನು ಹೊರತರುವವರೆಗೆ ಲೋಕ ಓದಿದ್ದು ಅಕ್ಕನ ಪಾಠವನ್ನು.

ಅಕ್ಕ ಕತ್ತಲನ್ನು ಕಿತ್ತುಹಾಕಿದಳೆಂದು ಹೇಳುವುದು ತಪ್ಪು. ಆ ಭಾಗ 1898ರ ಪುಸ್ತಕದಲ್ಲೂ ಇದೆ. ಗಮನಿಸಬೇಕಾದದ್ದು ಅನುಕ್ರಮವನ್ನು. 9 ಮತ್ತು 10ನೆಯ ಅಧ್ಯಾಯಗಳಲ್ಲಿ ಸಿ ಬರುತ್ತದೆ. ಅದಕ್ಕಿಂತ ಒಂಬತ್ತು ತಿಂಗಳು ಹಿಂದೆ ಬರೆದ ಬಿ 11ನೆಯ ಅಧ್ಯಾಯವಾಗುತ್ತದೆ. ಅದಾದ ಮೇಲೆ ಸೋದರಿಯರು ಹೇಳಿದ ಮರಣದ ವೃತ್ತಾಂತ. ಹೀಗಾಗಿ ಓದುಗ ಮೊದಲು ಕತ್ತಲನ್ನು ದಾಟುತ್ತಾನೆ, ಆಮೇಲೆ ಪ್ರೀತಿಯ ಉತ್ಕಟ ಗೀತೆಯನ್ನು ಕೇಳುತ್ತಾನೆ, ಕೊನೆಗೆ ಧನ್ಯಮರಣವನ್ನು ಕಾಣುತ್ತಾನೆ. ತೆರೇಸಾ ಬದುಕಿದ ಕ್ರಮ ಇದಲ್ಲ. ಆಕೆಯಲ್ಲಿ ಪ್ರೀತಿ ಮತ್ತು ಕತ್ತಲು ಒಂದರ ನಂತರ ಒಂದು ಬರಲಿಲ್ಲ. ಬಿ ಬರಹ ಕೂಡ ಕತ್ತಲೊಳಗಿಂದಲೇ ಹೊಮ್ಮಿದ್ದು. ಒಂದು ವಾಕ್ಯವನ್ನೂ ಅಳಿಸದೆ ಅಧ್ಯಾಯಗಳ ಜೋಡಣೆ ಮಾತ್ರದಿಂದಲೇ ಅನಿಶ್ಚಯವನ್ನು ಹಂತವಾಗಿಸಬಹುದು. ಮಾರ್ಕನ ದೀರ್ಘ ಮುಕ್ತಾಯ ಮಾಡಿದ ಕೆಲಸವೂ ಇದೇ ಎಂದು ನಾನು ತಿಳಿಯುತ್ತೇನೆ. ಇನ್ನೊಬ್ಬ ಸೋದರಿ ಸೆಲೀನ್ ಮಠದೊಳಗೆ ತೆಗೆದ ಛಾಯಾಚಿತ್ರಗಳೂ ಬಹುಕಾಲ ತಿದ್ದಿದ ರೂಪದಲ್ಲೇ ಹಂಚಿಕೆಯಾದವು. ನಿಜವಾದ ಮುಖದಲ್ಲಿನ ದೃಢತೆ ಆ ಮೃದು ಚಿತ್ರಗಳಲ್ಲಿ ಕಾಣದು.

ಈಕೆಯ ಹೆಸರನ್ನೇ ಇಟ್ಟುಕೊಂಡ ಮದರ್ ತೆರೇಸಾರ ಪತ್ರಗಳು 2007ರಲ್ಲಿ ಹೊರಬಂದಾಗ ಹಲವರು ಬೆಚ್ಚಿದ್ದು, ಕಠಿಣ ಪಾಠವನ್ನು ಓದುವ ಅಭ್ಯಾಸ ತಪ್ಪಿಹೋಗಿದ್ದರಿಂದ. 1950ರಲ್ಲಿ ಕಲ್ಕತ್ತದಲ್ಲಿ ಸಂಸ್ಥೆ ಸ್ಥಾಪನೆಯಾದ ಹೊತ್ತಿನಿಂದ ಶುರುವಾದ ದೇವರ ಗೈರುಹಾಜರಿಯ ಅನುಭವ, 1958ರ ಅಲ್ಪಕಾಲದ ಬಿಡುವನ್ನು ಬಿಟ್ಟರೆ, ಸುಮಾರು ಐದು ದಶಕ ಅವರನ್ನು ಬಿಡಲಿಲ್ಲ. ಇಷ್ಟು ಉದ್ದದ ರಾತ್ರಿಯನ್ನು ಹಂತವೆಂದು ಕರೆಯುವುದು ಕಷ್ಟ. ಯೇಸುಸಭೆಯ ದೈವಶಾಸ್ತ್ರಜ್ಞ ಜೋಸೆಫ್ ನೋಯ್ನರ್ 1961ರಲ್ಲಿ ಅವರಿಗೆ ಕೊಟ್ಟ ಸಲಹೆಯ ಮಹತ್ವ ಇಲ್ಲಿದೆ. ಇದು ಮುಗಿಯುತ್ತದೆಂಬ ಆಶ್ವಾಸನೆಯನ್ನು ನೋಯ್ನರ್ ಕೊಡಲಿಲ್ಲ. ಇದಕ್ಕೆ ಮನುಷ್ಯರ ಕೈಯಲ್ಲಿ ಮದ್ದಿಲ್ಲ, ದೇವರಿಗಾಗಿ ಇರುವ ಹಂಬಲವೇ ದೇವರ ಇರವಿನ ಗುರುತು, ಈ ಕತ್ತಲು ನಿಮ್ಮ ಸೇವೆಯದೇ ಒಂದು ಮುಖ ಎಂದರು. ಆಮೇಲೆ ಮದರ್ ತೆರೇಸಾ ಕತ್ತಲನ್ನು ಪ್ರೀತಿಸಲು ಕಲಿತೆನೆಂದು ಬರೆದರು. ನಾನು ಪರಿಶೀಲಿಸಿದ ಸಾಕ್ಷ್ಯಗಳಲ್ಲಿ, ಇನ್ನೊಬ್ಬರ ಅನಿಶ್ಚಯಕ್ಕೆ ಮುಕ್ತಾಯ ಬರೆಯದೆ ಅದರೊಳಗೇ ದಾರಿ ತೋರಿಸಿದ ವ್ಯಾಖ್ಯಾನಕಾರರು ನೋಯ್ನರ್.

ತಮ್ಮ ಪತ್ರಗಳನ್ನು ಸುಟ್ಟುಬಿಡಿ ಎಂದು ಮದರ್ ತೆರೇಸಾ ಮತ್ತೆ ಮತ್ತೆ ಬೇಡಿಕೊಂಡಿದ್ದರು, ಜನ ಯೇಸುವನ್ನು ಮರೆತು ತಮ್ಮನ್ನು ದೊಡ್ಡವರಾಗಿ ಕಂಡಾರೆಂಬ ಹೆದರಿಕೆಯಿಂದ. ಕಲ್ಕತ್ತದ ಮಹಾಧರ್ಮಾಧ್ಯಕ್ಷ ಫರ್ಡಿನಂಡ್ ಪೆರಿಯೆಗೆ ಬರೆದ ಪತ್ರಗಳೂ ಹಲವು ಗುರುಗಳಿಗೆ ಬರೆದವೂ ಉಳಿದದ್ದು, ಅವುಗಳನ್ನು ಪಡೆದವರು ಆ ಕೋರಿಕೆಯನ್ನು ನಡೆಸಿಕೊಡದೆ ಕಾಗದವನ್ನು ಹಾಗೆಯೇ ಎತ್ತಿಟ್ಟಿದ್ದರಿಂದ.