ವೃದ್ಧಾಪ್ಯದ ಬಲಹಾನಿಯೂ ಜೈನ ವೈದ್ಯರ ವಿವೇಕವೂ

ಅರವತ್ತು ದಾಟಿದ ಗೃಹಸ್ಥನಲ್ಲಿ ದೇಹಬಲ ಕುಂದುವುದು, ಉತ್ಸಾಹ ತಗ್ಗುವುದು, ದಾಂಪತ್ಯಸುಖದಲ್ಲಿ ಆಸಕ್ತಿ ಇಳಿಯುವುದು ಹೊಸ ಸಂಗತಿಗಳಲ್ಲ. ಹೊಸದಾಗಿ ಬಂದಿರುವುದು ಅದಕ್ಕೊಂದು ವೈದ್ಯಕೀಯ ಹೆಸರು ಮತ್ತು ಅದರ ಮದ್ದು. ವೃಷಣಗಳಲ್ಲಿ ಉತ್ಪತ್ತಿಯಾಗುವ ಟೆಸ್ಟೋಸ್ಟೆರಾನ್ ಎಂಬ ಹಾರ್ಮೋನು ನಡುವಯಸ್ಸಿನ ಅನಂತರ ವರ್ಷಕ್ಕೆ ಸುಮಾರು ಶೇಕಡ 1ರಂತೆ ಇಳಿಯುತ್ತ ಹೋಗುತ್ತದೆ. ಯೌವನವನ್ನು ಮರಳಿಸುವ ಭರವಸೆಯ ಜಾಹೀರಾತುಗಳು ಈಗ ಮೈಸೂರಿನಂಥ ನಗರಕ್ಕೆ ಸೀಮಿತವಾಗಿಲ್ಲ. ಕೈಯೊಳಗಿನ ಫೋನಿನ ಮೂಲಕ ಹುಣಸೂರು ತಾಲ್ಲೂಕಿನ ಗಾವಡಗೆರೆಯ ಜಗಲಿಯನ್ನೂ ತಲುಪಬಲ್ಲವು. ಆಗ ಶ್ರಾವಕನ ಮುಂದೆ ಎರಡು ಪ್ರಶ್ನೆಗಳು ನಿಲ್ಲುತ್ತವೆ. ಈ ಮದ್ದು ಯಾವುದರಿಂದ ಆದದ್ದು? ಇದು ನಿಜವಾಗಿ ಬೇಕೆ? ಮೊದಲನೆಯ ಪ್ರಶ್ನೆಯನ್ನು ಜೈನ ವೈದ್ಯರು ಸಾವಿರ ವರ್ಷಗಳಿಗೂ ಹಿಂದೆಯೇ ಎತ್ತಿದ್ದರು.

ಆಯುರ್ವೇದದ ಎಂಟು ಅಂಗಗಳಲ್ಲಿ ರಸಾಯನ ಮತ್ತು ವಾಜೀಕರಣಗಳೂ ಸೇರಿವೆ. ಮುಪ್ಪನ್ನು ತಡೆಯುವುದು ಮೊದಲನೆಯದರ ಗುರಿ, ಪುರುಷಶಕ್ತಿಯನ್ನು ಹೆಚ್ಚಿಸುವುದು ಎರಡನೆಯದರ ಗುರಿ. ಪ್ರಾಚೀನ ಸಂಹಿತೆಗಳ ವಾಜೀಕರಣ ಪ್ರಕರಣಗಳಲ್ಲಿ ಹಾಲು, ತುಪ್ಪ, ಉದ್ದುಗಳ ಜೊತೆಗೆ ಮಾಂಸ, ಪಕ್ಷಿಗಳ ಮೊಟ್ಟೆ, ಹಾಲಿನಲ್ಲಿ ಬೇಯಿಸಿದ ಹೋತದ ವೃಷಣ ಇವೂ ಬರುತ್ತವೆ. ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನ ಕಾಲದಲ್ಲಿದ್ದ ಉಗ್ರಾದಿತ್ಯಾಚಾರ್ಯರು ಸಂಸ್ಕೃತದಲ್ಲಿ 'ಕಲ್ಯಾಣಕಾರಕ'ವನ್ನು ರಚಿಸಿದಾಗ ಮದ್ಯ, ಮಾಂಸ, ಮಧುಗಳನ್ನು ಔಷಧದಿಂದ ಹೊರಗಿಟ್ಟರು. ಔಷಧದಲ್ಲಿ ಮಾಂಸ ಅನಗತ್ಯವೆಂದು ನೃಪತುಂಗನ ಸಭೆಯಲ್ಲಿ ಅವರು ವಾದಿಸಿದ ವಿಷಯ ಗ್ರಂಥದ ಕೊನೆಗೆ ಸೇರಿರುವ ಹಿತಾಹಿತಾಧ್ಯಾಯದಲ್ಲಿದೆ. ವೈದ್ಯವನ್ನೇ ಬಿಡಿರೆಂದು ಅವರು ಹೇಳಲಿಲ್ಲ; ಹಿಂಸೆಯಿಲ್ಲದೆಯೂ ವೈದ್ಯ ಸಾಧ್ಯವೆಂದು ತೋರಿಸಿದರು ಎಂಬುದು ಗಮನಾರ್ಹ.

ಸುಮಾರು 1150ರಲ್ಲಿ ಜಗದ್ದಳ ಸೋಮನಾಥನು ಪೂಜ್ಯಪಾದರ ಕಲ್ಯಾಣಕಾರಕವನ್ನು ಕನ್ನಡಕ್ಕೆ ತಂದಾಗಲೂ ಈ ನಿಯಮ ಸಡಿಲವಾಗಲಿಲ್ಲ. ಚಂಗಾಳ್ವರ ನಾಡಿನ ಕಲ್ಲಹಳ್ಳಿಯ ಮೂರನೆಯ ಮಂಗರಸನು ಹದಿನಾರನೆಯ ಶತಮಾನದ ಆರಂಭದಲ್ಲಿ 'ಸೂಪಶಾಸ್ತ್ರ'ವನ್ನು ಬರೆದು ಸಸ್ಯಾಹಾರದ ಪಾಕವನ್ನೇ ಕಾವ್ಯಕ್ಕೆ ವಸ್ತುವಾಗಿಸಿದನು. ಹನಸೋಗೆಯ ಬಸದಿಗಳೂ ಗೊಮ್ಮಟಗಿರಿಯ ಬಾಹುಬಲಿಯೂ ಇರುವ ಈ ಸೀಮೆಗೆ ಆ ವಿವೇಕ ಹೊರಗಿನದಲ್ಲ.

ಇತ್ತ ಯೂರೋಪಿನಲ್ಲಿ ಹೋತದ ವೃಷಣದ ಹಳೆಯ ಕಲ್ಪನೆಯೇ ಬೇರೊಂದು ವೇಷದಲ್ಲಿ ತಲೆಯೆತ್ತಿತು. 1889ರಲ್ಲಿ 72 ವರ್ಷದ ಶರೀರವಿಜ್ಞಾನಿ ಬ್ರೌನ್ ಸೆಕಾರ್ ನಾಯಿ ಮತ್ತು ಗಿನಿಯಿಲಿಗಳ ವೃಷಣದ ರಸವನ್ನು ತನಗೇ ಚುಚ್ಚಿಕೊಂಡು, ಬಲ ಮರಳಿತೆಂದು ಪ್ಯಾರಿಸಿನಲ್ಲಿ ಸಾರಿದನು. 1920ರಿಂದ ವೊರೊನೋಫ್ ಎಂಬ ಶಸ್ತ್ರವೈದ್ಯನು ಕೋತಿಗಳ ವೃಷಣದ ತುಣುಕುಗಳನ್ನು ಧನಿಕ ವೃದ್ಧರಿಗೆ ನಾಟಿಮಾಡಿದನು. ಎರಡೂ ನಿಷ್ಫಲವೆಂದು ಮುಂದೆ ತಿಳಿದುಬಂತು. ಅಷ್ಟರಲ್ಲಿ ಎಷ್ಟೋ ಮೂಕಪ್ರಾಣಿಗಳು ಮನುಷ್ಯನ ಭ್ರಮೆಗೆ ಬಲಿಯಾಗಿದ್ದವು. 1935ರಲ್ಲಿ ಆಮ್‌ಸ್ಟರ್‌ಡ್ಯಾಮಿನ ಲಾಕರ್ ಮತ್ತು ಸಂಗಡಿಗರು ಸುಮಾರು 100 ಕಿಲೋ ಹೋರಿ ವೃಷಣಗಳಿಂದ ಕೇವಲ 10 ಮಿಲಿಗ್ರಾಮಿನಷ್ಟು ಶುದ್ಧ ಟೆಸ್ಟೋಸ್ಟೆರಾನನ್ನು ಬೇರ್ಪಡಿಸಿದರು. ಅದೇ ವರ್ಷ ಬುಟೆನಾಂಟ್ ಮತ್ತು ರುಜಿಚ್ಕ ಅದನ್ನು ಪ್ರಯೋಗಾಲಯದಲ್ಲಿ ತಯಾರಿಸಿದರು. ಇಂದು ಈ ಔಷಧಕ್ಕೆ ಸೋಯಾ, ಕಾಡುಗೆಣಸು ಮೊದಲಾದ ಸಸ್ಯಗಳಿಂದ ದೊರೆಯುವ ದ್ರವ್ಯಗಳೇ ಮುಖ್ಯ ಮೂಲ. ಉಗ್ರಾದಿತ್ಯರ ನಿಲುವಿಗೆ ರಸಾಯನಶಾಸ್ತ್ರವೇ ಹೀಗೆ ಬೆಂಬಲವಾಗಿ ಬಂದಿತು. ಆದರೂ ಗುಳಿಗೆಯ ಮೃದುವಾದ ಹೊದಿಕೆ ಸಾಮಾನ್ಯವಾಗಿ ಪ್ರಾಣಿಜನ್ಯ ಜೆಲಾಟಿನ್ ಆಗಿರುವುದರಿಂದ ವಿಚಾರಿಸಿಯೇ ಕೊಳ್ಳಬೇಕು.

ಎರಡನೆಯ ಪ್ರಶ್ನೆ ಇನ್ನೂ ಸೂಕ್ಷ್ಮವಾದುದು. ವೃಷಣದ ಅಥವಾ ಪಿಟ್ಯುಟರಿ ಗ್ರಂಥಿಯ ರೋಗದಿಂದ ಹಾರ್ಮೋನು ಕುಸಿದವನಿಗೆ ಈ ಔಷಧ ನಿಜವಾದ ಉಪಕಾರಿ. ಲಕ್ಷಣಗಳೂ ಇರಬೇಕು, ಬೇರೆ ಬೇರೆ ದಿನ ಬೆಳಗಿನ ಹೊತ್ತು ಎರಡು ಸಲ ಮಾಡಿದ ರಕ್ತಪರೀಕ್ಷೆಯಲ್ಲಿ ಕೊರತೆಯೂ ಕಾಣಬೇಕು. ಇದು ತಜ್ಞರ ನಿಯಮ. ಸ್ಥೂಲಕಾಯ, ಮಧುಮೇಹ, ನಿದ್ರಾಭಂಗಗಳಿಂದಲೂ ಹಾರ್ಮೋನು ತಗ್ಗುವುದುಂಟು. ಅಲ್ಲಿ ಮೂಲವನ್ನು ಸರಿಪಡಿಸುವುದೇ ಮೊದಲ ಚಿಕಿತ್ಸೆ. ಕೇವಲ ವಯಸ್ಸಾದ ಕಾರಣಕ್ಕೆ ಇದನ್ನು ಬಳಸುವುದರ ಸುರಕ್ಷತೆ ಮತ್ತು ಪ್ರಯೋಜನ ಸಿದ್ಧವಾಗಿಲ್ಲವೆಂದು ಅಮೆರಿಕದ ಔಷಧ ನಿಯಂತ್ರಣ ಇಲಾಖೆ 2015ರಲ್ಲಿ ಎಚ್ಚರಿಸಿತು. ಹಾರ್ಮೋನು ಕೊರತೆಯೊಂದಿಗೆ ಹೃದ್ರೋಗವೋ ಅದರ ಅಪಾಯವೋ ಇದ್ದ 5,200ರಷ್ಟು ಪುರುಷರ ಅಧ್ಯಯನ 2023ರಲ್ಲಿ ಪ್ರಕಟವಾಯಿತು. ಅದರಲ್ಲಿ ಹೃದಯಾಘಾತ ಹೆಚ್ಚಿದ್ದು ಕಾಣಲಿಲ್ಲ. ಆದರೆ ಹೃದಯದ ಲಯ ತಪ್ಪುವುದು, ಶ್ವಾಸಕೋಶದ ರಕ್ತನಾಳದಲ್ಲಿ ಹೆಪ್ಪು ಸಿಕ್ಕಿಕೊಳ್ಳುವುದು ಮದ್ದು ಪಡೆದವರಲ್ಲಿ ಹೆಚ್ಚಾಗಿದ್ದವು.

ಜನ್ನನ 'ಯಶೋಧರ ಚರಿತೆ'ಯಲ್ಲಿ ಯಶೌಘ ಮಹಾರಾಜನು ತನ್ನ ತಲೆಯಲ್ಲಿ ನರೆಗೂದಲೊಂದನ್ನು ಕಂಡು, ರಾಜ್ಯವನ್ನು ಮಗನಿಗೊಪ್ಪಿಸಿ ತಪಸ್ಸಿಗೆ ತೆರಳುತ್ತಾನೆ. ನರೆ ಅವನಿಗೆ ರೋಗವಾಗಿರಲಿಲ್ಲ, ಸೂಚನೆಯಾಗಿತ್ತು. ಎಲ್ಲರೂ ಯಶೌಘರಾಗಲಾರರು, ಗೃಹಸ್ಥನು ರೋಗಕ್ಕೆ ಚಿಕಿತ್ಸೆ ಪಡೆಯುವುದು ದೋಷವೂ ಅಲ್ಲ. ನಾಲ್ಕು ದಾನಗಳಲ್ಲಿ ಔಷಧದಾನಕ್ಕೂ ಸ್ಥಾನವಿದೆಯಷ್ಟೆ! ಆದುದರಿಂದ ಬಳಲಿಕೆಯಿಂದ ನರಳುವ ಹಿರಿಯರು ನಾಚಿಕೆಯಿಂದ ಮೌನವಾಗಿರದೆ, ಜಾಹೀರಾತಿಗೂ ಮರುಳಾಗದೆ, ಅರ್ಹ ವೈದ್ಯರನ್ನು ಕಾಣಬೇಕು. ದಶಲಕ್ಷಣ ಪರ್ವದ ಉಪನ್ಯಾಸಗಳ ನಡುವೆ ಇಂತಹ ಒಂದು ವೈದ್ಯಕೀಯ ತಿಳಿವಳಿಕೆಯನ್ನು ಬಸದಿಗಳ ಆಡಳಿತ ಮಂಡಳಿಗಳು ಏರ್ಪಡಿಸಿದರೆ ಅದೂ ಜ್ಞಾನದಾನವೇ ಆದೀತು. ರೋಗವಿದ್ದರೆ ಮದ್ದು, ಅದೂ ಹಿಂಸೆಯಿಲ್ಲದ ಮದ್ದು. ರೋಗವಿಲ್ಲದ ಮುಪ್ಪಿಗೆ ಮಿತಾಹಾರ, ನಡಿಗೆ, ಸ್ವಾಧ್ಯಾಯ, ಸಮತಾಭಾವ. ದೇಹದ ಬಲ ಇಳಿಯುವಾಗ ತೃಷ್ಣೆಯೂ ಇಳಿಯುವುದಾದರೆ, ಆ ಇಳಿಕೆ ನಷ್ಟವಲ್ಲ.