ದೊಡ್ಡಪ್ಪನ ಚೀಲ

2009ರಲ್ಲಿ ನಾನು ತುಮಕೂರಿನಲ್ಲಿ ಬಿಇ ಮೂರನೇ ವರ್ಷ ಓದ್ತಿದ್ದೆ. ಮಿಡಿಗೇಶಿ ಹತ್ತಿರದ ನಮ್ಮ ಹಳ್ಳಿಯಿಂದ ದೊಡ್ಡಪ್ಪನನ್ನು ಬಸ್ಸಲ್ಲಿ ಕೂರಿಸಿಕೊಂಡು ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಗೆ ಕರ್ಕೊಂಡು ಹೋದೆ. ಅವರಿಗೆ ಎರಡು ವರ್ಷದಿಂದ ಮಲದಲ್ಲಿ ರಕ್ತ ಹೋಗ್ತಿತ್ತು. "ಮೂಲವ್ಯಾಧಿ ಕಣೋ, ಖಾರ ಬಿಟ್ರೆ ಹೋಗುತ್ತೆ" ಅಂತ ನಾಟಿ ಔಷಧಿ ತಗೊಂಡು ಸುಮ್ಮನಿದ್ದರು. ದೊಡ್ಡಮ್ಮನಿಗೂ ಹೇಳಿರಲಿಲ್ಲ. ಪಂಚೆ ತಾವೇ ಒಗೆದುಕೊಳ್ಳೋಕೆ ಶುರು ಮಾಡಿದಾಗಲೇ ಅವಳಿಗೆ ಅನುಮಾನ ಬಂದದ್ದು.

ಅದು ಮೂಲವ್ಯಾಧಿ ಆಗಿರಲಿಲ್ಲ, ಗುದನಾಳದ ಕ್ಯಾನ್ಸರ್. ಗಡ್ಡೆ ತೀರಾ ಕೆಳಗಿತ್ತು. ಆಪರೇಷನ್ ಮಾಡಿ ಗುದದ್ವಾರವನ್ನು ಮುಚ್ಚಿದರು. ಹೊಟ್ಟೆಯ ಎಡಗಡೆ ಒಂದು ದಾರಿ ಮಾಡಿ, ಅದಕ್ಕೊಂದು ಚೀಲ ಅಂಟಿಸಿದರು. ಜೀವನಪೂರ್ತಿ ಮಲ ಅದರಲ್ಲೇ. ಊರಿನ ಪಂಚಾಯ್ತಿ ಕಟ್ಟೆಯಲ್ಲಿ ಮೊದಲು ಕೂರುತ್ತಿದ್ದ ಮನುಷ್ಯ ಮದುವೆಗಳಿಗೆ ಹೋಗೋದನ್ನೇ ಬಿಟ್ಟರು.

ಈ ಚೀಲ ಎಲ್ಲಿಂದ ಬಂತು ಅಂತ ನಾನು ಹುಡುಕಿ ಓದಿದ್ದು ಕೆಲಸಕ್ಕೆ ಸೇರಿ ಎಷ್ಟೋ ವರ್ಷ ಆದಮೇಲೆ.

ಲಂಡನ್ನಿನಲ್ಲಿ ಅರ್ನೆಸ್ಟ್ ಮೈಲ್ಸ್ ಅಂತ ಒಬ್ಬ ಸರ್ಜನ್ ಇದ್ದ. ಆಗೆಲ್ಲ ಗಡ್ಡೆಯನ್ನು ಕೆಳಗಿನಿಂದ ಮಾತ್ರ ಕೊಯ್ದು ತೆಗೀತಿದ್ದರು. ಮೈಲ್ಸ್ ತಾನು ಹಾಗೆ ಆಪರೇಷನ್ ಮಾಡಿದ 57 ಜನರ ಲೆಕ್ಕ ಹಾಕಿದ. 54 ಜನರಿಗೆ ರೋಗ ವಾಪಸ್ ಬಂದಿತ್ತು. ತನ್ನದೇ ಸೋಲನ್ನು ಮುಚ್ಚಿಡದೆ, ಸತ್ತವರ ದೇಹ ಪರೀಕ್ಷಿಸಿ ರೋಗ ಎಲ್ಲೆಲ್ಲಿ ಹರಡಿದೆ ಅಂತ ನೋಡಿದ. 1908ರಲ್ಲಿ ಹೊಸ ವಿಧಾನ ಪ್ರಕಟಿಸಿದ: ಹೊಟ್ಟೆಯನ್ನೂ ತೆರೆಯಬೇಕು, ಕೆಳಗಿನಿಂದಲೂ ಕೊಯ್ಯಬೇಕು, ಗುದನಾಳವನ್ನು ಸುತ್ತಲಿನ ದುಗ್ಧಗ್ರಂಥಿಗಳ ಸಮೇತ ತೆಗೀಬೇಕು. ಶುರುವಿನಲ್ಲಿ ಆಪರೇಷನ್ನಿಂದಲೇ ಬಹಳ ಜನ ಸತ್ತರು. ಬದುಕಿದವರಿಗೆ ಶಾಶ್ವತ ಚೀಲ. ದಶಕಗಳ ಕಾಲ ಇದೇ ನಿಯಮವಾಯ್ತು. 1932ರಲ್ಲಿ ಕತ್ಬರ್ಟ್ ಡ್ಯೂಕ್ಸ್ ರೋಗವನ್ನು ಎ, ಬಿ, ಸಿ ಅಂತ ಹಂತಗಳಾಗಿ ವಿಂಗಡಿಸಿದ: ಕರುಳಿನ ಗೋಡೆಯೊಳಗೇ ಇದ್ದರೆ ಎ, ಗೋಡೆ ದಾಟಿದರೆ ಬಿ, ಗ್ರಂಥಿ ಮುಟ್ಟಿದರೆ ಸಿ. ದೊಡ್ಡಪ್ಪ ಹೋದದ್ದು ಸಿ ಹಂತದಲ್ಲಿ.

ಆಮೇಲೆ ದೊಡ್ಡ ತಿರುವು ಬಂದದ್ದು 1982ರಲ್ಲಿ, ಇಂಗ್ಲೆಂಡಿನ ಬೇಸಿಂಗ್‌ಸ್ಟೋಕ್ ಅನ್ನೋ ಊರಿನಿಂದ. ಅಲ್ಲಿನ ಸರ್ಜನ್ ಬಿಲ್ ಹೀಲ್ಡ್ ಕೇಳಿದ ಪ್ರಶ್ನೆ ನಮ್ಮ ಆಫೀಸಲ್ಲಿ ದಿನಾ ಕೇಳೋದೇ: ಸರಿ ಮಾಡಿದ ಮೇಲೂ ಅದೇ ಜಾಗದಲ್ಲಿ ಮತ್ತೆ ಯಾಕೆ ಬರ್ತಿದೆ? ಗುದನಾಳದ ಸುತ್ತ ಕೊಬ್ಬಿನ ಒಂದು ಹೊದಿಕೆ ಇರುತ್ತೆ. ಸರ್ಜನ್‌ಗಳು ಕೈ ಹಾಕಿ ಎಳೆದು ಬಿಡಿಸುವಾಗ ಅದು ಹರಿದು, ಕ್ಯಾನ್ಸರ್ ಇರೋ ಚೂರುಗಳು ಒಳಗೇ ಉಳೀತಿದ್ದವು. ನಮ್ಮ ಕಡೆ ಹಣ್ಣಾದ ಹುಣಸೆಯ ಸಿಪ್ಪೆ ತಿರುಳಿನಿಂದ ತಾನಾಗಿ ಬಿಟ್ಟುಕೊಂಡಿರುತ್ತಲ್ಲ, ಹಾಗೆ ಆ ಹೊದಿಕೆಯ ಆಚೆ ರಕ್ತಸ್ರಾವವೇ ಇಲ್ಲದ ತೆಳು ಸಂದು ಇದೆ. ಕಣ್ಣಿಂದ ನೋಡ್ತಾ, ನಿಧಾನವಾಗಿ ಆ ಸಂದಿನಲ್ಲೇ ಕೊಯ್ದು ಇಡೀ ಹೊದಿಕೆಯನ್ನು ಹರಿಯದಂತೆ ತೆಗೀಬೇಕು ಅಂದ ಹೀಲ್ಡ್. 1986ರಲ್ಲಿ 115 ರೋಗಿಗಳ ಲೆಕ್ಕ ಕೊಟ್ಟ: ಐದು ವರ್ಷದಲ್ಲಿ ಅದೇ ಜಾಗಕ್ಕೆ ರೋಗ ಮರಳಿದ್ದು ಶೇ. 3.7 ಮಾತ್ರ. ಎಷ್ಟೋ ಜನರಿಗೆ ಕರುಳನ್ನು ಮತ್ತೆ ಜೋಡಿಸೋಕೂ ಆಯ್ತು.

ನಂಬದವರ ಮುಂದೆ ಹೀಲ್ಡ್ ಆಪರೇಷನ್ ಮಾಡಿಯೇ ತೋರಿಸಿದ. 1990ರ ದಶಕದಲ್ಲಿ ಸ್ಟಾಕ್‌ಹೋಮ್‌ನ ಸರ್ಜನ್‌ಗಳಿಗೆ ಹೀಗೆ ಕಲಿಸಿದ ಮೇಲೆ ಅಲ್ಲಿ ಗುದದ್ವಾರ ತೆಗೆಯೋ ಆಪರೇಷನ್ ಅರ್ಧಕ್ಕಿಂತ ಹೆಚ್ಚು ಇದ್ದದ್ದು ಶೇ. 27ಕ್ಕೆ ಇಳೀತು. ಹೊಸ ಔಷಧಿ, ಹೊಸ ಯಂತ್ರ ಯಾವುದೂ ಅಲ್ಲ, ಎಲ್ಲಿ ಕೊಯ್ಯಬೇಕು ಅನ್ನೋ ತಿಳಿವಳಿಕೆ ಅಷ್ಟೇ. ಗಡ್ಡೆ ದೊಡ್ಡಪ್ಪನದರಂತೆ ತೀರಾ ಕೆಳಗಿದ್ದರೆ ಮಾತ್ರ ಇವತ್ತಿಗೂ ಎಷ್ಟೋ ಸಲ ಚೀಲವೇ ಗತಿ.

ನಮ್ಮ ಕಿದ್ವಾಯಿ ಶುರುವಾದದ್ದು 1973ರಲ್ಲಿ. ಹೀಲ್ಡ್ ಲೇಖನ ಬಂದ ಅದೇ 1982ರಲ್ಲಿ ಬೆಂಗಳೂರಿನ ಕ್ಯಾನ್ಸರ್ ನೋಂದಣಿ ಅಲ್ಲಿ ಶುರುವಾಯ್ತು. ಯಾರಿಗೆ ಯಾವ ಕ್ಯಾನ್ಸರ್, ಎಷ್ಟು ಜನಕ್ಕೆ ಅಂತ ಎಣಿಸೋ ಕೆಲಸ. ಆ ಎಣಿಕೆ ಬೆಂಗಳೂರು ನಗರದವರದು. ಮಧುಗಿರಿ ತಾಲ್ಲೂಕಿನ ದೊಡ್ಡಪ್ಪ ಅದರೊಳಗೆ ಬರಲ್ಲ. ಪಶ್ಚಿಮ ದೇಶಗಳಿಗಿಂತ ನಮ್ಮಲ್ಲಿ ಕರುಳಿನ ಕ್ಯಾನ್ಸರ್ ಕಡಿಮೆ. ಹಾಗಾಗಿ ಅನುಮಾನವೂ ಕಡಿಮೆ. ರಕ್ತ ಅಂದ್ರೆ ಮೂಲವ್ಯಾಧಿ, ಮಾತು ಮುಗೀತು.

ದೊಡ್ಡಪ್ಪ ನಾಲ್ಕು ವರ್ಷ ಬದುಕಿದರು. ಕೊನೆಗೆ ರೋಗ ಲಿವರಿಗೆ ಹೋಗಿತ್ತು.

ಹೋದ ವರ್ಷ ನನಗೂ ರಕ್ತ ಕಾಣಿಸಿತು. ಇಷ್ಟೆಲ್ಲ ಓದಿಕೊಂಡವನು ಏನು ಮಾಡಿದೆ? ಹದಿನೈದು ದಿನ ಹೆಂಡತಿಗೂ ಹೇಳಲಿಲ್ಲ. ಹೊರಗಿನ ಊಟ, ಕೂತು ಕೂತು ಕೆಲಸ, ಮೂಲವ್ಯಾಧಿ ಇರ್ಬೇಕು ಅಂದ್ಕೊಂಡೆ. ಒಂದು ರಾತ್ರಿ ಬನಿಯನ್ನು, ಚಡ್ಡಿ ನಾನೇ ಒಗೀತಾ ನಿಂತಿದ್ದಾಗ ದೊಡ್ಡಪ್ಪನ ಪಂಚೆ ನೆನಪಾಯ್ತು. ಮಾರನೇ ದಿನವೇ ಡಾಕ್ಟರ್ ಹತ್ತಿರ ಹೋದೆ. ಕೊಲೊನೋಸ್ಕೋಪಿ ಮಾಡಿದರು. ನಿಜಕ್ಕೂ ಮೂಲವ್ಯಾಧಿನೇ ಆಗಿತ್ತು.

ಊರಿಗೆ ಫೋನ್ ಮಾಡಿ ಅಮ್ಮನಿಗೆ ಎಲ್ಲ ಹೇಳಿದೆ. "ಅದನ್ನೂ ಯಾರಾದ್ರೂ ಬಾಯ್ಬಿಟ್ಟು ಹೇಳ್ತಾರೇನೋ" ಅಂತ ನಕ್ಕಳು.

"ಹೇಳ್ಬೇಕು ಕಣಮ್ಮ" ಅಂದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದಳು.